ಎಲ್ಲ ಸಾಲಿಗೂ ‘ಸೇವೆ ಸಲ್ಲಿಸಿದರು’ ಬೇಕೇ?

ಪ್ರಶ್ನೆ: ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಪರಿಚಯ ಬರೆದರೆ ಪ್ರತಿ ವಾಕ್ಯವೂ ‘ಸೇವೆ ಸಲ್ಲಿಸಿದರು’ ಎಂದೇ ಮುಗಿಯುತ್ತಿದೆ. ಏನು ಮಾಡಲಿ?

ಉತ್ತರ: ಮೊದಲು ಅವರ ಸೇವಾ ದಾಖಲೆಯನ್ನು ನೋಡಿ, ಒಂದೊಂದು ದಿನಾಂಕದ ಮುಂದೆ ಅಂದು ನಡೆದದ್ದೇನೆಂದು ಬರೆದುಕೊಳ್ಳಿ. ಆದೇಶ ಬಂದ ದಿನಕ್ಕೆ ‘ನೇಮಕಗೊಂಡರು’, ಹಾಜರಾದ ದಿನಕ್ಕೆ ‘ಕೆಲಸಕ್ಕೆ ಸೇರಿದರು’. ಇವೆರಡರ ನಡುವೆ ವಾರಗಳ ಅಂತರವಿರಬಹುದು. ಬೆರೆಸಿದರೆ ದಿನಾಂಕವೇ ತಪ್ಪಾಗುತ್ತದೆ. ಊರು ಮಾತ್ರ ಬದಲಾದರೆ ‘ವರ್ಗವಾದರು’, ಹುದ್ದೆ ಏರಿದರೆ ‘ಬಡ್ತಿ ಪಡೆದರು’. ಮೂಲ ಹುದ್ದೆಯ ಹಕ್ಕು ಉಳಿಸಿಕೊಂಡು ಬೇರೆ ಇಲಾಖೆಗೆ ಹೋಗಿದ್ದರೆ ‘ನಿಯೋಜನೆ ಮೇಲೆ ಹೋದರು’. ಸಂಘದ ಚುನಾವಣೆಯಲ್ಲಿ ಗೆದ್ದವರನ್ನು ‘ನೇಮಕಗೊಂಡರು’ ಎನ್ನಬೇಡಿ, ಅವರು ಆಯ್ಕೆಯಾದವರು.

ಕೊನೆಯ ಹಂತದಲ್ಲಿ ಇನ್ನೂ ಎಚ್ಚರ ಬೇಕು. ವಯೋಮಿತಿ ತಲುಪಿದವರು ‘ನಿವೃತ್ತರಾದರು’. ಮೊದಲೇ ಬಿಟ್ಟವರು ‘ಸ್ವಯಂನಿವೃತ್ತಿ ಪಡೆದರು’ ಅಥವಾ ‘ರಾಜೀನಾಮೆ ಕೊಟ್ಟರು’. ಪಿಂಚಣಿಯ ದೃಷ್ಟಿಯಿಂದ ಇವೆರಡೂ ಒಂದಲ್ಲ.

ಕುವೆಂಪು ಅವರ ವೃತ್ತಿಜೀವನವನ್ನೇ ನೋಡಿ: 1929ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದರು, 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾದರು, 1960ರಲ್ಲಿ ನಿವೃತ್ತರಾದರು. ಮೂರೂ ಸರಳ ಕ್ರಿಯಾಪದಗಳು, ಗೌರವಕ್ಕೇನೂ ಕೊರತೆಯಾಗಿಲ್ಲ. ‘ಸೇವೆ ಸಲ್ಲಿಸಿದರು’ ಎಂಬುದನ್ನು ಒಟ್ಟು ವರ್ಷಗಳನ್ನು ಹೇಳುವ ಒಂದೇ ವಾಕ್ಯಕ್ಕೆ ಉಳಿಸಿಕೊಳ್ಳಿ.