ಹ್ಯಾಂಗೋವರ್ ಆಗದಂತೆ ಎಷ್ಟು ಕುಡಿಯಬಹುದು, ಲೆಕ್ಕ ಹಾಕೋದು ಹೇಗೆ?

ಪಕ್ಕಾ ಅಳತೆ ಇಲ್ಲ, ಅಂದಾಜು ಮಾಡಬಹುದು. ಗ್ಲಾಸ್ ಎಣಿಸಬೇಡಿ, ಗ್ರಾಂ ಎಣಿಸಿ. ಕುಡಿದ ಮಿಲಿಲೀಟರನ್ನು ಬಾಟಲಿ ಮೇಲಿರುವ ಶೇಕಡಾದಿಂದ ಗುಣಿಸಿ, 100ರಿಂದ ಭಾಗಿಸಿ, ಬಂದಿದ್ದನ್ನು 0.789ರಿಂದ ಗುಣಿಸಿದರೆ ಶುದ್ಧ ಆಲ್ಕೋಹಾಲ್ ಎಷ್ಟು ಗ್ರಾಂ ಅಂತ ಸಿಗುತ್ತದೆ. 5% ಇರುವ 500 ಮಿ.ಲೀ. ಬಿಯರ್‌ನಲ್ಲಿ ಸುಮಾರು 20 ಗ್ರಾಂ. 40% ಇರುವ 60 ಮಿ.ಲೀ. ವಿಸ್ಕಿಯಲ್ಲಿ 19. ‘ಬಿಯರ್ ತಾನೇ’ ಅನ್ನುವವರು ಎಡವೋದು ಇಲ್ಲೇ.

ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ, ನೀವು ಕಾಫಿ ಕುಡಿದರೂ ತಣ್ಣೀರು ಸುರಿದುಕೊಂಡರೂ ಅದಕ್ಕೇನೂ ಅವಸರವಿಲ್ಲ. ರಾತ್ರಿ 8ಕ್ಕೆ ಶುರು ಮಾಡಿ ಅಂಥ ನಾಲ್ಕು ಬಿಯರ್ ಇಳಿಸಿದರೆ 80 ಗ್ರಾಂ ಆಯ್ತು, ಬೆಳಗ್ಗೆ 6ರ ಅಲಾರಂ ಹೊಡೆಯುವಾಗಲೂ ಸ್ವಲ್ಪ ರಕ್ತದಲ್ಲೇ ಇರಬಹುದು. ವಿಚಿತ್ರ ಅಂದ್ರೆ, ಹ್ಯಾಂಗೋವರ್ ಜೋರಾಗೋದು ರಕ್ತದಲ್ಲಿರುವ ಆಲ್ಕೋಹಾಲ್ ಸೊನ್ನೆ ಹತ್ತಿರ ಇಳಿದಾಗ.

ದೇಹದ ತೂಕ ಕಮ್ಮಿ ಇದ್ದರೆ ಅಷ್ಟೇ ಗ್ರಾಂ ಜಾಸ್ತಿ ಹೊಡೆಯುತ್ತದೆ. ಬ್ರಾಂಡಿ, ರೆಡ್ ವೈನ್‌ಗಿಂತ ವೋಡ್ಕಾ ಸ್ವಲ್ಪ ವಾಸಿ, ಅದರಲ್ಲಿ ಹುದುಗುವಾಗ ಹುಟ್ಟುವ ಬೇರೆ ರಾಸಾಯನಿಕಗಳು ಕಮ್ಮಿ. ನಾನಂತೂ ಊಟದ ಜೊತೆ 20 ಗ್ರಾಂಗೇ ನಿಲ್ಲಿಸುತ್ತೇನೆ, 40 ದಾಟಿದ ದಿನ ಮಾರನೇ ಬೆಳಗ್ಗೆ ಮಿಕ್ಸಿ ಸದ್ದಿಗೂ ಸಿಟ್ಟು ಬರುತ್ತೆ.