ಮೊದಲ ಇಪಿಯಲ್ಲಿ ಕವರ್ ಎಷ್ಟಿರಬೇಕು ಅನ್ನುವುದು ಆಮೇಲಿನ ಮಾತು

ನಿಮ್ಮ ಬ್ಯಾಂಡಿನ ಮೊದಲ ಬಿಡುಗಡೆ: ಸ್ವಂತದ್ದು ಮೂರು, ಕವರ್ ಅಂದರೆ ಬೇರೆಯವರ ಹಾಡು ಎರಡು, ಒಟ್ಟು ಐದು ಹಾಡಿನ ಪವರ್ ಮೆಟಲ್ (ವೇಗದ, ಎತ್ತರದ ದನಿಯ ಹೆವಿ ಮೆಟಲ್) ಇಪಿ, ಅಂದರೆ ಆಲ್ಬಮ್ಮಿಗಿಂತ ಚಿಕ್ಕದು. ಮಾದರಿ ಸೊನಾಟಾ ಆರ್ಕ್ಟಿಕಾ ಅನ್ನುವ ಫಿನ್‌ಲ್ಯಾಂಡ್ ಬ್ಯಾಂಡಿನ ‘ಸಕ್ಸೆಸರ್’ ಇಪಿ. ಕವರ್ ಇದ್ದರೆ ಜನ ಕೇಳ್ತಾರಾ, ಇಲ್ಲಾ ಇವರ ಹತ್ರ ಸ್ವಂತ ಸರಕಿಲ್ಲ ಅಂತಾರಾ ಎಂದು ಕೇಳಿದ್ದೀರಿ. ಇದೇ ಲೆಕ್ಕವನ್ನು ನಾವು ಚಿಕ್ಕಮಗಳೂರಿನ ಒಂದು ಕಾಫಿ ಗೋಡೌನಿನಲ್ಲಿ ಕೂತು ಹಾಕಿದ್ದೆವು. ನಾನು ಆ ಬ್ಯಾಂಡಿನ ಗಾಯಕ.

ಗೋಡೌನು ನಮ್ಮ ಡ್ರಮ್ಮರ್‌ನ ದೊಡ್ಡಪ್ಪನದು. ಮಳೆಗಾಲದಲ್ಲಿ ಖಾಲಿ ಇರುತ್ತಿತ್ತು. ಗೋಡೆಗೆ ಗೋಣಿಚೀಲ ನೇತುಹಾಕಿದರೆ ಸಿಂಬಲ್ ಸದ್ದು ಅಷ್ಟಾಗಿ ಮೊಳಗುತ್ತಿರಲಿಲ್ಲ. ನವೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು ಶುರು. ಮೂಟೆ ಒಳಗೆ, ನಾವು ಹೊರಗೆ. ಹಾಗಾಗಿ ಅಷ್ಟರೊಳಗೆ ರೆಕಾರ್ಡಿಂಗ್ ಮುಗಿಸಬೇಕೆಂದು ಅವಸರ ಮಾಡಿ ಬೆಂಗಳೂರಿನಲ್ಲಿ ಒಂದು ಸ್ಟುಡಿಯೋ ಗೊತ್ತುಮಾಡಿದೆವು. ಡ್ರಮ್ಸ್, ಗಿಟಾರ್, ಕೀಬೋರ್ಡ್ ಎಲ್ಲ ಆಗಿ ಹಾಡುವುದಕ್ಕೆ ಉಳಿದದ್ದು ಕೊನೆಯ ಒಂದು ದಿನ.

ಬೆಳಗ್ಗೆ ಸೌಂಡ್ ಎಂಜಿನಿಯರ್ ‘ಯಾವುದರಿಂದ ಶುರು ಮಾಡೋಣ’ ಎಂದು ಕೇಳಿದರು. ‘ಕವರ್ ಮೊದಲು ಮುಗಿಸೋಣ, ಚೆನ್ನಾಗಿ ಬರುತ್ತೆ, ಗಂಟಲೂ ಪಳಗುತ್ತೆ’ ಎಂದೆ. ನಮ್ಮ ಇಪಿ ಕೆಟ್ಟಿದ್ದು ಆ ಒಂದು ಮಾತಿನಿಂದ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ನೀವೂ ಅದನ್ನೇ ಮಾಡುವ ಹಾಗೆ ಕಾಣುತ್ತಿದೆ.

ಪವರ್ ಮೆಟಲ್‌ನಲ್ಲಿ ಕೋರಸ್ಸನ್ನು, ಅಂದರೆ ಪಲ್ಲವಿಯನ್ನು, ಒಂದು ಸಲ ಹಾಡಿ ಬಿಡುವುದಿಲ್ಲ. ಮೊದಲು ಮುಖ್ಯ ದನಿ. ಅದರ ಮೇಲೆ ಅದನ್ನೇ ಇನ್ನೊಮ್ಮೆ ಹಾಡಿ ದಪ್ಪ ಮಾಡಬೇಕು. ಆಮೇಲೆ ಮೇಲಿನ ಹಾರ್ಮನಿ, ಕೆಳಗಿನ ಹಾರ್ಮನಿ, ಅವಕ್ಕೂ ಜೋಡಿ. ಕೇಳುವವರಿಗೆ ದೊಡ್ಡ ಗುಂಪು ಹಾಡಿದಂತೆ ಕೇಳಿಸುವುದು ಹೀಗೆ. ಹಾಡುವವನಿಗೆ ಅದೇ ಎತ್ತರದ ಸಾಲು ಮತ್ತೆ ಮತ್ತೆ, ಮತ್ತೆ ಮತ್ತೆ. ನಮ್ಮ ಒಂದು ಕವರ್ ‘ಐ ವಾಂಟ್ ಔಟ್’. ಹೆಲೋವೀನ್ ಬ್ಯಾಂಡಿನಲ್ಲಿ ಅದನ್ನು ಹಾಡಿದವರು ಮೈಕಲ್ ಕಿಸ್ಕೆ. ಅವರ ದನಿ ಎಷ್ಟು ಎತ್ತರದಲ್ಲಿ ಓಡಾಡುತ್ತದೆ ಅಂತ ನಿಮಗೆ ಗೊತ್ತು. ನಾನು ಶ್ರುತಿ ಇಳಿಸದೆ ಹಾಡಿದೆ. ಚೆನ್ನಾಗಿಯೇ ಬಂತು. ಚೆನ್ನಾಗಿ ಬರುತ್ತಿದೆ ಅನ್ನುವ ಹುರುಪಿನಲ್ಲಿ ಇನ್ನೊಂದು ಟೇಕ್, ಇನ್ನೊಂದು ಟೇಕ್. ಆಮೇಲೆ ಎರಡನೇ ಕವರ್.

ಮಧ್ಯಾಹ್ನ ದಾಟಿದ ಮೇಲೆ ನಮ್ಮ ಸ್ವಂತ ಹಾಡಿಗೆ ಬಂದೆವು. ಮುಳ್ಳಯ್ಯನಗಿರಿಯ ಮಂಜಿನ ಮೇಲೆ ಬರೆದದ್ದು. ಕೊನೆಯ ಕೋರಸ್ಸಿಗೆ ಮೊದಲು ಗಿಟಾರ್, ಕೀಬೋರ್ಡ್ ಎಲ್ಲ ಒಂದು ಸ್ವರ ಮೇಲೇರುತ್ತವೆ. ಇಡೀ ಹಾಡು ಕಟ್ಟಿದ್ದೇ ಆ ಏರಿಕೆಗಾಗಿ. ವಾದ್ಯಗಳು ಏರಿದವು, ನನ್ನ ದನಿ ಏರಲಿಲ್ಲ. ಮೇಲೆ ಹೋದರೆ ಬರೀ ಗಾಳಿ. ಬಿಸಿನೀರು ಕುಡಿದೆ, ಜೇನುತುಪ್ಪ ನೆಕ್ಕಿದೆ. ದಣಿದು ಊದಿಕೊಂಡ ಧ್ವನಿತಂತುವಿಗೆ ವಿಶ್ರಾಂತಿ ಬಿಟ್ಟರೆ ಬೇರೆ ಮದ್ದಿಲ್ಲ. ವಾದ್ಯಗಳು ಆಗಲೇ ರೆಕಾರ್ಡ್ ಆಗಿದ್ದವು, ಶ್ರುತಿ ಇಳಿಸುವಂತಿರಲಿಲ್ಲ. ಕೊನೆಗೆ ಆ ಕೋರಸ್ಸನ್ನು ಕೆಳಗಿನ ಸ್ಥಾಯಿಯಲ್ಲೇ ಹಾಡಿ ಮುಗಿಸಿದೆ. ಉಳಿದ ಎರಡು ಹಾಡನ್ನೂ ಅದೇ ಗಂಟಲಲ್ಲಿ.

ಮಾರುವುದಕ್ಕೆ ಹೋಗಲಿಲ್ಲ. ಪೆನ್‌ಡ್ರೈವಿಗೆ ಹಾಕಿ ಗೆಳೆಯರಿಗೆ ಕೊಟ್ಟೆವು. ಕೇಳಿದವರೆಲ್ಲ ಹೇಳಿದ್ದು ಒಂದೇ: ‘ಕವರ್ ಸೂಪರ್ ಮಗಾ. ನಿಮ್ಮ ಹಾಡು ಪರವಾಗಿಲ್ಲ.’ ಅವರು ಸುಳ್ಳು ಹೇಳಲಿಲ್ಲ, ಕೇಳಿಸಿದ್ದು ಹಾಗೆಯೇ. ಆದರೆ ನಾವು ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡೆವು. ನಮ್ಮ ಹಾಡುಗಳೇ ಸಪ್ಪೆ, ನಮಗೆ ಬರೆಯೋಕೆ ಬರಲ್ಲ ಅಂತ ನಾವೆಲ್ಲರೂ ನಂಬಿಬಿಟ್ಟೆವು. ಗಿಟಾರ್ ನುಡಿಸುವವನು ಹೊಸ ರಿಫ್ ತರುವುದನ್ನು ನಿಲ್ಲಿಸಿದ. ಮುಂದಿನ ಮಳೆಗಾಲಕ್ಕೆ ಗೋಡೌನು ಖಾಲಿಯಾದಾಗ ಯಾರೂ ಬೀಗದಕೈ ಕೇಳಲಿಲ್ಲ. ಆ ಹಾಡುಗಳು ಒಳ್ಳೆಯವು ಅಂತ ನಾನು ಈಗಲೂ ಹೇಳುತ್ತೇನೆ. ಅವಕ್ಕೆ ನನ್ನ ದನಿಯ ಕೊನೆಯ ಪಾಲು ಸಿಕ್ಕಿತು, ಅಷ್ಟೆ.

ಈಗ ‘ಸಕ್ಸೆಸರ್’ ವಿಷಯ. ನನಗೆ ತುಂಬ ಇಷ್ಟದ ಇಪಿ. ಆದರೆ ನಿಮ್ಮ ಮೊದಲ ಬಿಡುಗಡೆಗೆ ಅದು ಮಾದರಿಯೇ ಅಲ್ಲ. ಕೆಮಿ ಊರಿನ ಆ ಫಿನ್‌ಲ್ಯಾಂಡ್ ಹುಡುಗರು 1999ರಲ್ಲೇ ‘ಎಕ್ಲಿಪ್ಟಿಕಾ’ ಅನ್ನುವ ಪೂರ್ತಿ ಆಲ್ಬಂ ತಂದಿದ್ದರು. ಇಪಿ ಬಂದದ್ದು 2000ದಲ್ಲಿ. ಅಷ್ಟು ಹೊತ್ತಿಗೆ ಅವರ ಗಾಯಕ ಟೋನಿ ಕಾಕ್ಕೊ ದನಿ ಜನಕ್ಕೆ ಪರಿಚಯ ಇತ್ತು. ಸ್ಕಾರ್ಪಿಯನ್ಸ್‌ನ ‘ಸ್ಟಿಲ್ ಲವಿಂಗ್ ಯೂ’, ಹೆಲೋವೀನ್‌ನ ‘ಐ ವಾಂಟ್ ಔಟ್’ ಹಾಡಿದಾಗ ‘ಇವರು ಇದನ್ನು ಹೇಗೆ ಹಾಡ್ತಾರೆ ನೋಡೋಣ’ ಅಂತ ಕೇಳುವವರು ಇದ್ದರು. ನಿಮಗೆ ಇನ್ನೂ ಅಂಥ ಕೇಳುಗರಿಲ್ಲ. ನಿಮ್ಮ ಹಾಡು ಗೊತ್ತಿಲ್ಲದವರು ಕವರ್ ಕೇಳಿ ಮೂಲದ ಜೊತೆ ಹೋಲಿಸುತ್ತಾರೆ, ಮೂಲಕ್ಕೇ ವಾಪಸ್ ಹೋಗುತ್ತಾರೆ. ಕವರ್ ಜನರನ್ನು ಕರೆತರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಆ ಇಪಿಯ ಜೀವ ಇರುವುದು ‘ಸ್ಯಾನ್ ಸೆಬಾಸ್ಟಿಯನ್’ ಹಾಡಿನಲ್ಲಿ, ಅದು ಅವರದ್ದೇ. ಅದನ್ನು ಅಲ್ಲಿಗೇ ಬಿಡದೆ 2001ರ ‘ಸೈಲೆನ್ಸ್’ ಆಲ್ಬಮ್ಮಿನಲ್ಲಿ ಮತ್ತೆ ತಂದರು. ‘ಸ್ಟಿಲ್ ಲವಿಂಗ್ ಯೂ’ ಮಾತ್ರ ನನಗೆ ಸ್ಕಾರ್ಪಿಯನ್ಸ್ ಬಾಯಲ್ಲೇ ಇಷ್ಟ.

ಕವರ್ ಹಾಕಲೇಬೇಕೆಂದರೆ ಗಾಮಾ ರೇಯ 2013ರ ‘ಮಾಸ್ಟರ್ ಆಫ್ ಕನ್‌ಫ್ಯೂಷನ್’ ಕೇಳಿ. ಕಾಯ್ ಹ್ಯಾನ್ಸನ್ ಬ್ಯಾಂಡ್ ಅದು. 1988ರಲ್ಲಿ ಹೆಲೋವೀನ್‌ಗೆ ‘ಐ ವಾಂಟ್ ಔಟ್’ ಬರೆದವರು ಅವರೇ. ಆ ಇಪಿಯಲ್ಲಿ ಎರಡು ಹೊಸ ಹಾಡು, ಎರಡು ಕವರ್, ಉಳಿದದ್ದು ಲೈವ್. ಕವರ್ ಯಾವುವು ಗೊತ್ತಾ? ಹೋಲೋಕಾಸ್ಟ್ ಬ್ಯಾಂಡಿನ ‘ಡೆತ್ ಆರ್ ಗ್ಲೋರಿ’, ಸ್ವೀಟ್ ಬ್ಯಾಂಡಿನ ‘ಲಾಸ್ಟ್ ಏಂಜಲ್ಸ್’. ಎಲ್ಲರ ಬಾಯಲ್ಲಿರುವ ಹಾಡುಗಳಲ್ಲ. ಮೊದಲ ಸಾಲಿಗೇ ಹೋಲಿಸಲು ಕೂರುವವರು ಕಡಿಮೆ. ಆಯ್ದರೆ ಹೀಗೆ ಆಯಬೇಕು.

ಕಾನೂನಿನ ಮಾತೂ ಒಂದಿದೆ. ಕವರನ್ನು ಸುಮ್ನೆ ಹಾಡಿ ಮಾರುವಂತಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಯ 31ಸಿ ಕಲಮಿನ ದಾರಿ ಹಿಡಿದರೆ ಮೂಲ ರೆಕಾರ್ಡಿಂಗ್ ಬಂದ ವರ್ಷ ಮುಗಿದು 5 ವರ್ಷ ಆಗಿರಬೇಕು, ಮೊದಲೇ ನೋಟಿಸ್ ಕೊಡಬೇಕು. ಒಂದೊಂದು ಹಾಡಿಗೂ ವರ್ಷಕ್ಕೆ ಕನಿಷ್ಠ 50,000 ಪ್ರತಿಯ ರಾಯಲ್ಟಿಯನ್ನು ಮುಂಗಡವಾಗಿ ಕಟ್ಟಬೇಕು. ಇಲ್ಲವಾದರೆ ಹಕ್ಕುದಾರರ ಹತ್ತಿರ ನೇರವಾಗಿ ಮಾತಾಡಿ ಅನುಮತಿ ಪಡೆಯಬೇಕು. ನಿಮ್ಮ ಬಜೆಟ್ಟಿಗೆ ಇದೆಲ್ಲ ಯಾಕೆ?

ನಿಮ್ಮ ಸ್ವಂತದ ಮೂರೇ ಹಾಡು ಬಿಡುಗಡೆ ಮಾಡಿ. ಮೂರು ಹಾಡಿನ ಇಪಿ ಚಿಕ್ಕದಾಯ್ತು ಅಂತ ಯಾರೂ ಬೈಯುವುದಿಲ್ಲ. ಕವರ್ ಎರಡೂ ಸ್ಟೇಜಿಗೆ ಇರಲಿ, ಅಲ್ಲಿ ಜನ ಜೊತೆಗೆ ಹಾಡುತ್ತಾರೆ. ಮಿಕ್ಕಿದ ದುಡ್ಡಿನಲ್ಲಿ ಹಾಡುವುದಕ್ಕೆ ಇನ್ನೊಂದೆರಡು ದಿನ ಜಾಸ್ತಿ ತಗೊಳ್ಳಿ. ಮೂರರಲ್ಲಿ ಗಾಯಕನಿಗೆ ಅತಿ ಕಷ್ಟದ್ದು ಯಾವುದೋ ಅದನ್ನು ಮೊದಲ ದಿನವೇ, ದನಿ ತೆರೆದುಕೊಂಡ ಕೂಡಲೇ ಹಾಡಿಸಿ. ಅದರಲ್ಲೂ ಕೊನೆಯ ಕೋರಸ್ ಮೊದಲು. ಆಮೇಲೆ ಅವತ್ತಿಗೆ ಸಾಕು ಅಂತ ಗಾಯಕ ಹೇಳಿದರೆ ಮೈಕ್ ಆಫ್ ಮಾಡಿ.