ಇಂಗ್ಲೆಂಡಿನಲ್ಲಿ ಆಟಿಸಂ ಇರುವ 14ರ ಮಗನಿಗೆ ಶಾಲೆ ಇಎಚ್‌ಸಿ ಪ್ಲಾನ್‌ಗೆ (ವಿಶೇಷ ಅಗತ್ಯವಿರುವ ಮಕ್ಕಳಿಗೆ ಸಿಗಬೇಕಾದ ನೆರವನ್ನು ಬರೆದಿಡುವ ಕಾನೂನುಬದ್ಧ ಯೋಜನೆ) ಅರ್ಜಿ ಹಾಕುತ್ತಿಲ್ಲ. ನಾವೇ ಹಾಕಬಹುದೇ?

ಧಾರಾಳವಾಗಿ ಹಾಕಬಹುದು. 2014ರ ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಕಾಯ್ದೆಯ ಪ್ರಕಾರ ತಂದೆತಾಯಿಯೇ ಲೋಕಲ್ ಅಥಾರಿಟಿಗೆ (ನಿಮ್ಮ ಊರಿನ ಕೌನ್ಸಿಲ್)  ನೇರವಾಗಿ ಬರೆಯಬಹುದು. ಶಾಲೆಯ ಒಪ್ಪಿಗೆ ಬೇಕಿಲ್ಲ, ಡಯಾಗ್ನೋಸಿಸ್ ಕೂಡ ಕಡ್ಡಾಯವಲ್ಲ. ಅಸೆಸ್‌ಮೆಂಟ್ ಮಾಡುತ್ತಾರೋ ಇಲ್ಲವೋ 6 ವಾರದೊಳಗೆ ಹೇಳಬೇಕು. ಅಂತಿಮ ಪ್ಲಾನ್ 20 ವಾರದೊಳಗೆ ಕೈ ಸೇರಬೇಕು. (ತಡವಾಗುವುದೇ ಹೆಚ್ಚು, ಬಿಡಿ. ಅರ್ಜಿ ಕಳಿಸಿದ ತಾರೀಖು ಬರೆದಿಟ್ಟುಕೊಳ್ಳಿ.)

ಡ್ರಾಫ್ಟ್ ಬಂದಾಗ ಸೆಕ್ಷನ್ ಎಫ್ (ಮಗನಿಗೆ ಯಾವ ಶೈಕ್ಷಣಿಕ ನೆರವು ಕೊಡುತ್ತಾರೆಂದು ಬರೆಯುವ ಭಾಗ) ಅನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದಿ. ‘ಅಗತ್ಯವಿದ್ದಾಗ ಸ್ಪೀಚ್ ಥೆರಪಿ’ ಅಂತಿದ್ದರೆ ಅದು ಬರೀ ಮಾತು. ‘ವಾರಕ್ಕೊಮ್ಮೆ 45 ನಿಮಿಷ, ಥೆರಪಿಸ್ಟ್‌ ಅವರಿಂದ’ ಎಂಬಂತೆ ಲೆಕ್ಕ ಹಾಕಿ ಬರೆಸಿ. ಇದಕ್ಕೆ ಕನಿಷ್ಠ 15 ದಿನ ಸಿಗುತ್ತದೆ.

ಅರ್ಜಿಯನ್ನೇ ತಿರಸ್ಕರಿಸಿದರೆ ಟ್ರಿಬ್ಯುನಲ್‌ಗೆ ಹೋಗಬಹುದು, ಶುಲ್ಕವಿಲ್ಲ. ಇಂಥ ಪೋಷಕರಿಗೆ ಸಲಹೆ ಕೊಡುವ ಸ್ಥಳೀಯ ಸೇವೆಯಾದ ಸೆಂಡಿಯಾಸ್‌ನವರು ಪುಕ್ಕಟೆಯಾಗಿ ಜೊತೆಗಿರುತ್ತಾರೆ. ಕಡ್ಡಾಯ ಶಾಲಾ ವಯಸ್ಸು ಮುಗಿದ ಮೇಲೆ, ಅಂದರೆ 16ರ ಹೊತ್ತಿಗೆ, ಅರ್ಜಿ ಹಾಕುವ, ಟ್ರಿಬ್ಯುನಲ್‌ಗೆ ಹೋಗುವ ಹಕ್ಕು ಮಗನದೇ ಆಗುತ್ತದೆ. ಈಗಿನಿಂದಲೇ ಅವನನ್ನೂ ಮೀಟಿಂಗ್‌ಗೆ ಕೂರಿಸಿಕೊಳ್ಳಿ.